ನಡುಗುವ ಕೈಯಲ್ಲಿ ಚಂದ್ರ

ಚಂದ್ರನ ಫೋಟೊ ತೆಗೆಯಲು ಸ್ಟ್ಯಾಂಡು ಬೇಕೇ ಬೇಕು ಎಂದು ಎಲ್ಲರೂ ಹೇಳುತ್ತಾರೆ. ದೇವದುರ್ಗದ ನಮ್ಮ ಸ್ಟುಡಿಯೋದಲ್ಲಿ ಅಂಥ ಸ್ಟ್ಯಾಂಡು ಮೂರಿದ್ದವು. ಮೂರನ್ನೂ ಕೆಳಗೇ ಬಿಟ್ಟು, ಮೊಳದುದ್ದದ ಲೆನ್ಸು ಹಾಕಿದ ಕ್ಯಾಮೆರಾವನ್ನು ಬರಿಗೈಯಲ್ಲಿ ಹಿಡಿದು ನಾನು ಮಾಳಿಗೆ ಹತ್ತುತ್ತಿದ್ದೆ. ಹಟಕ್ಕೆ, ಮತ್ತೇನಿಲ್ಲ. ಇಪ್ಪತ್ತೈದು ವರ್ಷ ಮದುವೆ ಫೋಟೊ ತೆಗೆದ ಕೈಯನ್ನು ಊರವರು ಒಂದು ಮುಂಜಾನೆ ಕುಡುಕನ ಕೈ ಎಂದು ತೀರ್ಮಾನಿಸಿಬಿಟ್ಟಿದ್ದರು. ಆ ಕೈ ನೆಟ್ಟಗಿದೆ ಎಂದು ಅವರ ಮುಖಕ್ಕೆ ಹಿಡಿದು ತೋರಿಸಬೇಕಾಗಿತ್ತು ನನಗೆ.

ತೀರ್ಮಾನ ಆದದ್ದು ಶಕ್ತಿನಗರದ ಒಂದು ಮದುವೆಯಲ್ಲಿ. ಮದುಮಕ್ಕಳ ತಲೆಯ ಮೇಲೆ ಅಕ್ಕಿಕಾಳು ಬೀಳಲು ಇನ್ನೂ ಹೊತ್ತಿತ್ತು. ಯಾರೋ ಚಹಾ ತಂದುಕೊಟ್ಟರು. ಬಸಿಯ ಮೇಲೆ ಕಪ್ಪು ಕಟಕಟ ಸದ್ದು ಮಾಡತೊಡಗಿತು. ಎರಡೂ ಕೈಯಲ್ಲಿ ಹಿಡಿದೆ, ಇನ್ನೂ ಜೋರಾಯಿತು. ಹೆಣ್ಣಿನ ಸೋದರಮಾವ ಎದುರಿಗೇ ಕೂತಿದ್ದ. ನನ್ನ ಕೈ ನೋಡಿ, ಮುಖ ನೋಡಿ, ಮತ್ತೆ ಕೈ ನೋಡಿ, ಎಲ್ಲರಿಗೂ ಕೇಳುವ ಹಾಗೆ ಅಂದ:

"ಏನ್ರೀ ಫೋಟೊದವ್ರ, ಎದ್ದ ಕೂಡ್ಲೆ ಹಾಕ್ಕೊಂಡು ಬಂದೀರೇನು?"

ಎಲ್ಲರೂ ನಕ್ಕರು. ನಾನೂ ನಕ್ಕೆ. ನಕ್ಕದ್ದೇ ತಪ್ಪಾಯಿತು. ನಕ್ಕವನು ಒಪ್ಪಿಕೊಂಡಂತೆ.

ಹೊರಗಿನವರಿಗೆ ಇದು ವಿಚಿತ್ರ ಅನ್ನಿಸಬಹುದು. ನಮ್ಮ ಕಡೆ ಕೈ ನಡುಗಿತೆಂದರೆ ಅದಕ್ಕೆ ಇರುವ ಕಾರಣ ಒಂದೇ, ಸೇಂದಿ. ಈಚಲ ಮರದ ಹೆಂಡ ಅದು. ಅದಕ್ಕೆ ಮತ್ತೇರಿಸುವ ಪೌಡರು ಬೆರೆಸಿ ಮಾರುತ್ತಿದ್ದ ಕಾಲದಲ್ಲಿ, ರೂಢಿಯಾದವರಿಗೆ ಒಂದು ದಿನ ತಪ್ಪಿದರೆ ಸಾಕು, ಕೈ ನಡುಗಿ ನಾಲಿಗೆ ತೊದಲುತ್ತಿತ್ತು. ಅಂಗಡಿಗಳನ್ನು ಮುಚ್ಚಿಸಿ ಎಷ್ಟೋ ವರ್ಷವಾಯಿತು. ಕೈ ನೋಡಿ ಕುಡುಕನನ್ನು ಗುರುತಿಸುವ ಜಾಣತನ ಮಾತ್ರ ಊರವರಲ್ಲಿ ಹಾಗೇ ಉಳಿದುಕೊಂಡಿದೆ. ಡಾಕ್ಟರು ಬೇಡ, ಪರೀಕ್ಷೆ ಬೇಡ. ನಾನು ಜನ್ಮದಲ್ಲಿ ಒಂದು ಹನಿ ಮುಟ್ಟಿದವನಲ್ಲ. ಯಾಕೆ ಮುಟ್ಟಲಿಲ್ಲ ಎನ್ನುವುದಕ್ಕೆ ಬೇರೆಯದೇ ಕಥೆ ಇದೆ, ಅದಕ್ಕೆ ಬರುತ್ತೇನೆ.

ಆ ಮದುವೆಯ ಆಲ್ಬಮ್ಮಿನಲ್ಲಿ ಒಂದೇ ಒಂದು ಫೋಟೊ ಅಲುಗಾಡಿರಲಿಲ್ಲ. ಅದನ್ನು ಯಾರೂ ಹೇಳಲಿಲ್ಲ. ಚಹಾದ ಕಪ್ಪಿನ ಸುದ್ದಿ ಮಾತ್ರ ನನಗಿಂತ ಮೊದಲೇ ಬಸ್ಸು ಹತ್ತಿ ದೇವದುರ್ಗಕ್ಕೆ ಬಂದಿತ್ತು. ಸ್ಟುಡಿಯೋ ನನ್ನದು ಮತ್ತು ನನ್ನ ಹೆಂಡತಿಯ ತಮ್ಮನದು, ಪಾಲಿನಲ್ಲಿ. ಅವನು ಮೂರನೇ ದಿನ ಮೆಲ್ಲಗೆ ಬಾಯಿಬಿಟ್ಟ.

"ಮಾಮಾ, ಸ್ವಲ್ಪ ದಿನ ನೀವು ಅಂಗಡ್ಯಾಗ ಕುಂದರ್ರಿ. ಹೊರಗಿನ ಕೆಲಸ ನಾ ನೋಡ್ಕೋತೀನಿ."

"ಯಾಕಲೇ? ನನ್ನ ಫೋಟೊ ಕೆಟ್ಟಾವೇನು?"

"ಫೋಟೊ ಕೆಟ್ಟಿಲ್ಲ ಮಾಮಾ. ಮಂದಿ ಫೋಟೊ ನೋಡಿ ಕರಿಯೂದಿಲ್ಲ, ಹೆಸರು ಕೇಳಿ ಕರೀತಾರ."

ಕ್ಯಾಮೆರಾ ಯಾವ ಕಡೆಯಿಂದ ಹಿಡಿಯಬೇಕು ಎಂದು ಅವನಿಗೆ ಕಲಿಸಿದವನು ನಾನು. ಗುರುವಿಗೇ ತಿರುಮಂತ್ರ ಹೇಳುವುದು ಎಂದರೆ ಇದೇ. ಆದರೆ ಅವನನ್ನು ಬೈದು ದೂರ ಮಾಡುವ ಸ್ಥಿತಿಯಲ್ಲಿ ನಾನಿರಲಿಲ್ಲ. ನನಗಿರುವುದು ಒಬ್ಬಳೇ ಮಗಳು, ರಾಯಚೂರಿನಲ್ಲಿ ಬಿ.ಎಡ್. ಮುಗಿಸುತ್ತಿದ್ದಳು. ಅವಳಿಗೆ ಅಲ್ಲಿನದೇ ಒಂದು ಒಳ್ಳೆಯ ಮನೆತನದ ಸಂಬಂಧ ತಂದವನೂ ಇವನೇ, ಎರಡೂ ಕಡೆ ಓಡಾಡಿ ಮಾತಾಡುತ್ತಿದ್ದವನೂ ಇವನೇ. ಹಾಗಾಗಿ ನಾನು ಅಂಗಡಿಯಲ್ಲಿ ಕೂತು, ಆಧಾರ್ ಕಾರ್ಡಿಗೆ ಹೊದಿಕೆ ಹಾಕುತ್ತ, ಅಳುವ ಮಕ್ಕಳ ಗದ್ದ ಎತ್ತಿಸಿ ಪಾಸ್‌ಪೋರ್ಟ್ ಫೋಟೊ ತೆಗೆಯುತ್ತ ದಿನ ದೂಡತೊಡಗಿದೆ.

ಆ ಉದ್ದನೆಯ ಲೆನ್ಸು ಆಗ ಕಪಾಟಿನಲ್ಲಿ ಸುಮ್ಮನೆ ಬಿದ್ದಿತ್ತು. ಕಾಲೇಜಿನ ಆಟೋಟ, ವೇದಿಕೆ ಕಾರ್ಯಕ್ರಮಗಳನ್ನು ದೂರದಿಂದ ತೆಗೆಯಲೆಂದು ತಂದದ್ದು. ಅದರ ಪಕ್ಕದಲ್ಲಿ ಒಂದು ಪುಟ್ಟ ಗುಂಡಿ. ಅದನ್ನು ಮೇಲೆ ಮಾಡಿದರೆ ಒಳಗಿನ ಒಂದು ಗಾಜು ಸಡಿಲವಾಗುತ್ತದೆ. ಹಿಡಿದವನ ಕೈ ಎಡಕ್ಕೆ ಅಲುಗಿದರೆ ಆ ಗಾಜು ಬಲಕ್ಕೆ ಸರಿಯುತ್ತದೆ, ಕೈ ಕೆಳಗಾದರೆ ಅದು ಮೇಲಾಗುತ್ತದೆ. ಚಿತ್ರ ಮಾತ್ರ ನಿಂತಲ್ಲೇ ನಿಲ್ಲುತ್ತದೆ. ಕಿವಿ ಹಚ್ಚಿದರೆ ಗುಂಗಿಹುಳದ ಸದ್ದಿನಂಥ ಸಣ್ಣ ಸದ್ದು ಕೇಳುತ್ತದೆ. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ಗೊತ್ತಿಲ್ಲದವನ ಹಾಗೆ ಇರುವುದು ಮನುಷ್ಯನಿಗೆ ಬಹಳ ಸುಲಭ.

ಮೊದಲ ದಿನ ಹುಣ್ಣಿಮೆ ಚಂದ್ರನನ್ನು ತೆಗೆದೆ. ಬಂದದ್ದು ಸುಣ್ಣ ಬಳಿದ ಒಂದು ಬಿಲ್ಲೆ. ಕತ್ತಲಾಗಿದೆ ಎಂದು ಕ್ಯಾಮೆರಾಕ್ಕೆ ಬೆಳಕು ಹೆಚ್ಚು ಕೊಟ್ಟಿದ್ದೆ. ಹೊಸಬರು ಮಾಡುವ ತಪ್ಪು ಅದು. ಆಮೇಲೆ ಹೊಳೆಯಿತು, ಕತ್ತಲಲ್ಲಿ ನಿಂತವನು ನಾನು, ಅವನಲ್ಲ. ಅವನು ನಡುಮಧ್ಯಾಹ್ನದ ಬಿಸಿಲಲ್ಲಿ ಬಿದ್ದಿರುವ ಒಂದು ಕಲ್ಲುಬಂಡೆ. ಹೊಲದಲ್ಲಿ ಮಟಮಟ ಮಧ್ಯಾಹ್ನ ನಿಂತ ಮನುಷ್ಯನನ್ನು ಹೇಗೆ ತೆಗೆಯುತ್ತೇವೋ ಹಾಗೆಯೇ ತೆಗೆಯಬೇಕು. ಹುಣ್ಣಿಮೆಯೂ ಉಪಯೋಗವಿಲ್ಲ, ನೆತ್ತಿಯ ಮೇಲಿನ ಬಿಸಿಲಿಗೆ ನೆರಳೇ ಇರುವುದಿಲ್ಲ. ಹುಣ್ಣಿಮೆಗೆ ಮುಂಚಿನ ಅಷ್ಟಮಿ ಒಳ್ಳೆಯದು. ಅರ್ಧಚಂದ್ರ ಹೊತ್ತು ಮುಳುಗುವಾಗಲೇ ಮೇಲೆ ಬಂದಿರುತ್ತಾನೆ. ಬೆಳಕು ಕತ್ತಲು ಸೇರುವ ಗೆರೆಯ ಉದ್ದಕ್ಕೂ ಒಂದೊಂದು ಕುಳಿಯೂ ತನ್ನ ನೆರಳಿನೊಂದಿಗೆ ಎದ್ದು ಕಾಣುತ್ತದೆ.

ನಮ್ಮ ಬೇಸಿಗೆಯಲ್ಲಿ ಇನ್ನೊಂದು ತಾಪತ್ರಯ. ಮಾಳಿಗೆಗೆ ಹಾಸಿದ, ಹಗಲೆಲ್ಲ ಕಾದ ಫರ್ಸಿಕಲ್ಲು ಸಂಜೆ ಕಾವು ಬಿಡುತ್ತದೆ. ಆ ಕಾವಿನ ಮೂಲಕ ನೋಡಿದರೆ ಚಂದ್ರನ ಅಂಚು ಎಸರಿಟ್ಟ ನೀರಿನ ಹಾಗೆ ಕುದಿಯುತ್ತಿರುತ್ತದೆ. ಮಾಳಿಗೆಗೆ ಎರಡು ಕೊಡ ನೀರು ಹೊಯ್ದು, ಅರ್ಧ ತಾಸು ಬಿಟ್ಟು ಶುರುಮಾಡಬೇಕು. ನೀರಿನ ಟ್ಯಾಂಕಿಗೆ ಬೆನ್ನು ಕೊಟ್ಟು, ಮೊಣಕೈ ಪಕ್ಕೆಲುಬಿಗೆ ಒತ್ತಿ, ಉಸಿರು ಅರ್ಧ ಬಿಟ್ಟು, ಬೆರಳನ್ನು ಅರ್ಧ ಒತ್ತಿ ಕಾಯಬೇಕು. ಒಂದು ಕ್ಷಣ ಚಂದ್ರ ಈಜಾಡುತ್ತಾನೆ. ಆಮೇಲೆ ಲೆನ್ಸು ಗುಂಯ್ ಅಂದು ಅವನನ್ನು ಹಿಡಿದು ನಿಲ್ಲಿಸುತ್ತದೆ. ಆ ಕ್ಷಣದ ಸುಖವನ್ನು ನಾನು ಸುಳ್ಳು ಎನ್ನಲಾರೆ. ದಿನವಿಡೀ ತುತ್ತು ಎತ್ತುವಾಗ, ಸಹಿ ಹಾಕುವಾಗ, ಅಂಗಿಯ ಗುಂಡಿ ಹಾಕುವಾಗ ಅಲುಗುತ್ತಿದ್ದ ಜಗತ್ತು ಅಲ್ಲೊಂದು ಕಡೆ ಅಲುಗದೆ ನಿಂತಿರುತ್ತಿತ್ತು.

ಹತ್ತು ಹೊಡೆದರೆ ಒಂದು ಬರುತ್ತಿತ್ತು. ಬಂದ ಒಂದನ್ನು ದೊಡ್ಡದಾಗಿ ಪ್ರಿಂಟು ಹಾಕಿಸಿ, ಕಟ್ಟು ಹಾಕಿಸಿ, ಅಂಗಡಿಯಲ್ಲಿ ನನ್ನ ಕುರ್ಚಿಯ ಹಿಂದೆಯೇ ತೂಗುಹಾಕಿದೆ. ಕೆಳಗೆ ಚೀಟಿ ಅಂಟಿಸಿದೆ: 'ಸ್ಟ್ಯಾಂಡ್ ಇಲ್ಲದೆ, ಕೈಯಲ್ಲಿ ಹಿಡಿದು ತೆಗೆದದ್ದು.' ಜಾಲಹಳ್ಳಿಯಿಂದ ಬಂದ ಒಬ್ಬ ಗಿರಾಕಿ ಬಹಳ ಹೊತ್ತು ನೋಡಿದ. ನನಗೆ ಹೆಮ್ಮೆ ಏರತೊಡಗಿತು.

"ಚಂದ ಅದರೀ. ನೆಟ್ಟಿನ್ಯಾಗಿಂದ ತೆಗದೀರೇನು?"

ಚಂದ್ರನ ಚಿತ್ರದ ಹಣೆಬರಹವೇ ಅದು. ಮದುವೆಯಲ್ಲಾದರೆ ಹೆಣ್ಣು ಬೇರೆ, ಗಂಡು ಬೇರೆ, ಅಳುವವರು ಬೇರೆ. ಇವನು ಎಲ್ಲರಿಗೂ ತೋರಿಸುವುದು ಒಂದೇ ಮುಖ. ಅದನ್ನು ನಾನು ತೆಗೆದೆ ಎನ್ನಲು ಆ ಮುಖದ ಮೇಲೆ ನನ್ನ ಗುರುತು ಎಲ್ಲಿದೆ?

ಮನೆಯಲ್ಲಿ ಇನ್ನೊಂದು ರಗಳೆ ಶುರುವಾಗಿತ್ತು. ಸಂಜೆಯಾದರೆ ಒಬ್ಬನೇ ಮಾಳಿಗೆ ಹತ್ತುವ ಗಂಡಸಿನ ಬಗ್ಗೆ ನೆರೆಮನೆಯವರು ಏನು ತಿಳಿಯುತ್ತಾರೋ ಅದನ್ನೇ ತಿಳಿದರು. ಕುಡುಕನಲ್ಲ ಎಂದು ತೋರಿಸಲು ನಾನು ಮೇಲೆ ಹೋಗುತ್ತಿದ್ದೆ. ಮೇಲೆ ಹೋಗುವುದು ಕುಡಿಯಲಿಕ್ಕೇ ಎಂದು ಅವರು ಹೇಳುತ್ತಿದ್ದರು. ಗಣಪತಿ ಹಬ್ಬದ ಸಂಜೆಯೂ ಬಿಡದೆ ಕ್ಯಾಮೆರಾ ಎತ್ತಿಕೊಂಡಾಗ ಹೆಂಡತಿ ಮೆಟ್ಟಿಲಿಗೆ ಅಡ್ಡ ನಿಂತಳು.

"ಇವತ್ತ ಚೌತಿ ಚಂದ್ರನ್ನ ನೋಡಿದ್ರ ಅಪವಾದ ಬರ್ತದ, ಸುಮ್ಮನ ಕೆಳಗ ಕುಂದರ್ರಿ."

"ಇನ್ನ ಬರೂದು ಏನು ಉಳದದ? ನನಗ ಅಪವಾದ ಮೊದಲು ಬಂತು, ಚಂದ್ರನ್ನ ನಾ ಆಮ್ಯಾಲೆ ನೋಡೀನಿ."

ಅವಳು ನಗಲಿಲ್ಲ. ಹತ್ತಿರ ಬಂದು, ಧ್ವನಿ ತಗ್ಗಿಸಿ, "ಒಮ್ಮಿ ಹಾ ಅನ್ರಿ" ಎಂದಳು. ಇಪ್ಪತ್ಮೂರು ವರ್ಷ ಜೊತೆಗಿದ್ದ ಹೆಂಗಸು ನನ್ನ ಬಾಯಿ ಮೂಸಿ ನೋಡಿದಳು. ಏನೂ ವಾಸನೆ ಬರಲಿಲ್ಲ ಎಂದು ಅವಳಿಗೆ ಸಮಾಧಾನವಾಯಿತು. ನನಗೆ ಆದ ಅವಮಾನವನ್ನು ಇವತ್ತಿಗೂ ನುಂಗಲು ಆಗಿಲ್ಲ.

ಕೊನೆಗೆ ಹೆಂಡತಿಯ ತಮ್ಮನೇ ಒಂದು ಅಷ್ಟಮಿಯ ಸಂಜೆ ಮಾಳಿಗೆಗೆ ಬಂದ. ಅಕ್ಕ ಕಳಿಸಿರಬೇಕು. ನಾನು ಟ್ಯಾಂಕಿಗೆ ಆತು ನಿಂತದ್ದನ್ನೂ ಕ್ಯಾಮೆರಾದಲ್ಲಿ ಮೂಡಿದ ಚಂದ್ರನನ್ನೂ ನೋಡಿದ. ಒಳ್ಳೆಯದಿದೆ ಎಂದು ತಲೆಯಾಡಿಸಿದ. ಆಮೇಲೆ ಬೆರಳು ಚಾಚಿ ಲೆನ್ಸಿನ ಪಕ್ಕದ ಗುಂಡಿಯನ್ನು ಕೆಳಗೆ ಮಾಡಿದ.

"ಈಗ ತೆಗೀರಿ ಮಾಮಾ, ನೋಡೂಣು."

ಹಿಡಿದೆ. ಮೊಣಕೈ ಒತ್ತಿದೆ, ಉಸಿರು ಬಿಟ್ಟೆ. ಚಂದ್ರ ನಿಲ್ಲಲಿಲ್ಲ. ಚೌಕಟ್ಟಿನ ಈ ಮೂಲೆಯಿಂದ ಆ ಮೂಲೆಗೆ ಜಿಗಿದ, ಮಾಯವಾದ, ಮತ್ತೆ ಬಂದ. ಇಪ್ಪತ್ತು ಹೊಡೆದೆ. ಇಪ್ಪತ್ತರಲ್ಲೂ ಅವನಿಗೆ ಎರಡೆರಡು ಅಂಚು. ಹೆಂಡತಿಯ ತಮ್ಮ ಕ್ಯಾಮೆರಾ ಇಸಿದುಕೊಂಡು, ಗುಂಡಿಯನ್ನು ಹಾಗೇ ಕೆಳಗಿಟ್ಟು, ಯಾವುದಕ್ಕೂ ಆತುಕೊಳ್ಳದೆ ನಡುಮಾಳಿಗೆಯಲ್ಲಿ ನಿಂತು ಮೂರು ಹೊಡೆದ. ಮೂರರಲ್ಲಿ ಎರಡು ಕೊರೆದಿಟ್ಟ ಹಾಗೆ ಬಂದಿದ್ದವು.

"ಇದು ಲೆನ್ಸಿನ ಕೈ ಮಾಮಾ, ನಿಮ್ಮದಲ್ಲ. ಕಾಲ್ಮುಗೀತೀನಿ, ಅದನ್ನ ಬಿಟ್ಟಬಿಡ್ರಿ. ಹುಡುಗನ ಕಡೆಯವ್ರು ಕೇಳಾಕತ್ತಾರ, ಬೀಗರು ಕುಡೀತಾರಂತಲ್ಲ ಅಂತ. ನಾ ಏನೋ ಸಂಭಾಳಿಸಾಕತ್ತೀನಿ."

ಅದನ್ನ ಎಂದರೆ ಕುಡಿತವನ್ನು. ನಾನು ಕೂಗಾಡಿದೆ. ನನ್ನ ಬಾಯಲ್ಲಿ ಬರಬಾರದ ಮಾತೆಲ್ಲ ಬಂದವು. ಕುಡಿದವರು ಹೀಗೇ ಕೂಗಾಡುತ್ತಾರೆ ಎಂಬ ಮುಖ ಮಾಡಿಕೊಂಡು ಅವನು ಸುಮ್ಮನೆ ಕೆಳಗಿಳಿದು ಹೋದ.

ಆ ವಾರವೇ ರಾಯಚೂರಿಗೆ ಹೋಗಿ ನರಗಳ ಡಾಕ್ಟರಿಗೆ ತೋರಿಸಿದೆ. ಹೆಂಡತಿಯೂ ಬಂದಿದ್ದಳು. ಡಾಕ್ಟರು ಒಂದು ಹಾಳೆ ಕೊಟ್ಟು ಶಂಖದ ಸುರುಳಿ ಬಿಡಿಸಲು ಹೇಳಿದರು. ನನ್ನ ಸುರುಳಿ ಗರಗಸದ ಹಲ್ಲಿನ ಹಾಗೆ ಬಂತು. ಒಂದು ಲೋಟದಿಂದ ಇನ್ನೊಂದು ಲೋಟಕ್ಕೆ ನೀರು ಹೊಯ್ಯಲು ಹೇಳಿದರು. ಅರ್ಧ ಮೇಜಿನ ಮೇಲೆ ಬಿತ್ತು. ಅವರು ಗಾಬರಿಯಾಗಲಿಲ್ಲ. "ಇದು ಕುಡಿತದ ನಡುಕ ಅಲ್ಲರೀ. ರಕ್ತದಾಗ ಬರೂ ನಡುಕ. ಕೈ ಸುಮ್ಮನಿದ್ದಾಗ ಇರೂದಿಲ್ಲ, ಕೆಲಸ ಮಾಡಾಕ ಹೋದ್ರ ಬರ್ತದ. ಜೀವಕ್ಕೇನೂ ಭಯ ಇಲ್ಲ" ಎಂದು ಹೇಳಿ, ಅದನ್ನೇ ಕಾಗದದ ಮೇಲೂ ಬರೆದರು. ಹೆಂಡತಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನನಗೆ ಆ ಕಾಗದವನ್ನು ಎತ್ತಿ ಹಣೆಗೊತ್ತಿಕೊಳ್ಳಬೇಕು ಅನ್ನಿಸಿತು. ಚಂದ್ರನನ್ನು ಕೆಳಗಿಳಿಸಿ ಅದನ್ನೇ ಕಟ್ಟು ಹಾಕಿಸಿ ಅಂಗಡಿಯಲ್ಲಿ ತೂಗುಹಾಕಬೇಕೆಂದು ಮನಸ್ಸಿನಲ್ಲೇ ಮೊಳೆಯನ್ನೂ ಹೊಡೆದಾಗಿತ್ತು.

"ಮನ್ಯಾಗ ಯಾರಿಗಾದ್ರೂ ಇತ್ತೇನು?" ಎಂದು ಡಾಕ್ಟರು ಕೇಳಿದರು.

"ಇಲ್ಲರೀ. ನಮ್ಮಪ್ಪನ ಕೈ ನಡುಗ್ತಿತ್ತು. ಆದ್ರ ಅದು ಸೇಂದಿ ನಡುಕ."

"ಕುಡಿದಾಗ ನಡುಗ್ತಿತ್ತೋ, ಕುಡೀದ ಇದ್ದಾಗ ನಡುಗ್ತಿತ್ತೋ?"

ಅವರೇ ಮುಂದುವರಿಸಿದರು. "ಈ ನಡುಕ ಇದ್ದವರು ಒಂದು ಗ್ಲಾಸು ಕುಡಿದ್ರ ಒಂದೆರಡು ತಾಸು ಕೈ ನಿಲ್ತದ. ಕುಡಿದದ್ದಕ್ಕ ನಡುಗ್ತಾರ ಅಂತ ಮಂದಿ ತಿಳೀತಾರ. ನಡುಗ್ತದ ಅಂತ ಅವರು ಕುಡಿದಿರ್ತಾರ."

ನಮ್ಮದು ಮಲ್ಲಟದ ಕುರಿಗಾರರ ಮನೆ. ಅಪ್ಪ ಕುರಿಯ ಉಣ್ಣೆ ಕತ್ತರಿಸುವುದರಲ್ಲಿ ಹೆಸರುವಾಸಿ. ಆ ಕೆಲಸ ನಮ್ಮಲ್ಲಿ ಮುಯ್ಯಿಯಲ್ಲಿ ನಡೆಯುತ್ತದೆ. ಇವತ್ತು ನೆಂಟರ ಹಿಂಡಿಗೆ ನಾವು ಹೋದರೆ ನಾಳೆ ನಮ್ಮ ಹಿಂಡಿಗೆ ಅವರು ಬರುತ್ತಾರೆ. ಕತ್ತರಿ ಹಿಡಿಯುವ ದಿನ ಅಪ್ಪ ಒಂದು ಗ್ಲಾಸು ಸೇಂದಿ ಕುಡಿದೇ ಹೋಗುತ್ತಿದ್ದ. ಆ ದಿನ ಒಂದು ಕುರಿಯ ಚರ್ಮಕ್ಕೂ ಗೀರು ಬೀಳುತ್ತಿರಲಿಲ್ಲ. ಇದನ್ನು ನಾನು ಕಣ್ಣಾರೆ ಕಂಡಿದ್ದೆ. ಕಂಡೂ ತಿಳಿಯಲಿಲ್ಲ, ಯಾಕೆಂದರೆ ನಾನು ರಾಯಚೂರಿನ ಕಾಲೇಜಿಗೆ ಹೋಗಿ ಓದಿದ ಜಾಣ. ರಜೆಯಲ್ಲಿ ಊರಿಗೆ ಬಂದವನು ಸೇಂದಿಯ ವಾಸನೆಗೆ ಹೇಸಿ, ಒಂದು ದಿನ ಅಪ್ಪನನ್ನು ಅಂಗಳದಲ್ಲಿ ನಿಲ್ಲಿಸಿ, ನನ್ನ ತಲೆಯ ಮೇಲೆ ಕೈ ಇಟ್ಟು ಆಣೆ ಮಾಡು ಎಂದೆ. ಅವನು ಕೈ ಇಟ್ಟ. ಅವನ ಬೆರಳುಗಳು ನನ್ನ ತಲೆಯ ಮೇಲೆ ನಡುಗಿದ್ದು ನನಗೆ ಈಗಲೂ ತಿಳಿಯುತ್ತದೆ. ಮುಟ್ಟೂದಿಲ್ಲ ಎಂದ.

ಆಮೇಲೆ ನಡುಕ ಹೆಚ್ಚಾಯಿತು. ಕುರಿಗಳಿಗೆ ಗಾಯ ಮಾಡತೊಡಗಿದ. ನೆಂಟರು ಮುಯ್ಯಿಗೆ ಕರೆಯುವುದನ್ನು ನಿಲ್ಲಿಸಿದರು. ನಾನು ಅರ್ಥ ಮಾಡಿಕೊಂಡದ್ದು ಒಂದೇ, ಮಗನ ತಲೆ ಮುಟ್ಟಿ ಮಾಡಿದ ಆಣೆಯನ್ನು ಈ ಮನುಷ್ಯ ಮುರಿದು ಕದ್ದು ಕುಡಿಯುತ್ತಿದ್ದಾನೆ. ಅವನೊಂದಿಗೆ ಮಾತು ಬಿಟ್ಟೆ. ನನ್ನ ಮದುವೆಯಲ್ಲಿ ತಂದೆಯ ಸ್ಥಾನದಲ್ಲಿ ಕಾಕಾನನ್ನು ಕೂರಿಸಿದೆ, ಅಪ್ಪ ಚಪ್ಪರದ ಹೊರಗೆ ಕುರಿಗಳ ಬಳಿ ನಿಂತಿದ್ದ. ಮುಂದಿನ ನಾಲ್ಕನೇ ವರ್ಷ ತೀರಿಕೊಂಡ. ಅವನಂತೆ ಆಗಬಾರದೆಂದೇ ನಾನು ಒಂದು ಹನಿಯನ್ನೂ ಮುಟ್ಟಲಿಲ್ಲ. ಅದನ್ನು ನನ್ನ ದೊಡ್ಡ ಗುಣವೆಂದು ಇಷ್ಟು ವರ್ಷ ಹೊತ್ತುಕೊಂಡು ತಿರುಗಿದೆ.

ಆಸ್ಪತ್ರೆಯ ಹೊರಗೆ ಹೆಂಡತಿ ಆಗಲೇ ಫೋನು ತೆಗೆದಿದ್ದಳು, ತಮ್ಮನಿಗೆ ಸುದ್ದಿ ಹೇಳಲು. ಒಂದು ದಿನ ತಡಿ ಎಂದೆ. ಇಬ್ಬರೂ ಬಸ್ಸು ಹಿಡಿದು ಮಲ್ಲಟಕ್ಕೆ ಹೋದೆವು. ಅವ್ವ ಅಲ್ಲಿ ನನ್ನ ಅಕ್ಕನ ಮನೆಯಲ್ಲಿದ್ದಾಳೆ. ಕಟ್ಟೆಯ ಮೇಲೆ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಡಾಕ್ಟರು ಹೇಳಿದ್ದನ್ನೆಲ್ಲ ಅವಳಿಗೆ ಹೇಳಿದೆ. ಅವಳು ಕೈ ನಿಲ್ಲಿಸದೆ ಕೇಳಿಸಿಕೊಂಡಳು. ಕೊನೆಗೆ ನಾನೇ ಕೇಳಿದೆ.

"ಯವ್ವಾ, ಅಪ್ಪ ಆಣಿ ಮಾಡಿದ ಮ್ಯಾಲೆ ಕುಡೀತಿದ್ನೇನು?"

"ಒಂದು ಹನಿ ಮುಟ್ಟಲಿಲ್ಲ. ಮಗ್ಗಲದಾಗ ಮಲಗಾಕಿಗೆ ವಾಸನಿ ತಿಳಿಯೂದಿಲ್ಲೇನು?"

"ಮತ್ತ ನನಗ ಯಾಕ ಹೇಳಲಿಲ್ಲ?"

ಆಗ ಅವಳ ಕೈ ನಿಂತಿತು.

"ಹೇಳ್ತೀನಿ ಅಂದೆ. ಅಂವನ ಬ್ಯಾಡಂದ. ಅವರಪ್ಪನ ಕೈನೂ ಹಿಂಗ ಇತ್ತು, ಅದು ರಕ್ತದಾಗ ಬಂದದ್ದು ಅಂತ ಅವಗ ಗೊತ್ತಿತ್ತು. 'ಕುಡುಕನ ಮಗ ಅಂದ್ರ ಹೆಣ್ಣು ಕೊಡ್ತಾರ, ನಡುಕದ ವಂಶ ಅಂದ್ರ ಯಾರೂ ಕೊಡೂದಿಲ್ಲ. ನಾ ಕುಡುಕ ಅಂತನ ಇರ್ತೀನಿ, ಅವನ ಮದುವಿ ಆಗ್ಲಿ' ಅಂದ. ಮದುವಿ ಆದ ಮ್ಯಾಲರ ಹೇಳಬೇಕಂದ್ರ ನೀ ಮನಿಗೆ ಬರೂದ ಬಿಟ್ಟಿದ್ದಿ. ಅಂವ ಹೋದ ಮ್ಯಾಲೆ ಹೇಳಿ ಏನು ಉಪಯೋಗ?"

ನನ್ನ ಹೆಂಡತಿ ನೆಲ ನೋಡುತ್ತ ಕೂತಿದ್ದಳು. ಆ ಸುಳ್ಳಿನ ಮೇಲೆ ಈ ಮನೆಗೆ ಬಂದವಳು ಅವಳೇ. ಬೈಯುತ್ತಾಳೆಂದು ಕಾದೆ. ಅವಳು ಕೇಳಿದ್ದು ಒಂದೇ ಮಾತು, ಅದೂ ನನ್ನನ್ನಲ್ಲ, ಅವ್ವನನ್ನು. "ಅತ್ತಿ, ಇದು ಹೆಣ್ಣುಮಕ್ಕಳಿಗೂ ಬರ್ತದೇನು?" ಅವ್ವ ಮತ್ತೆ ಹುಣಸೆಹಣ್ಣಿಗೆ ಕೈ ಹಾಕಿದಳು. ಆಸ್ಪತ್ರೆಯಲ್ಲಿ ಹೆಂಡತಿ ಹೊರಗೆ ಹೋದ ಮೇಲೆ ಡಾಕ್ಟರನ್ನು ನಾನೂ ಅದೇ ಪ್ರಶ್ನೆ ಕೇಳಿದ್ದೆ, ಬರಬಹುದು ಎಂದಿದ್ದರು. ಮಾನ್ವಿಗೆ ಬಂದು ದೇವದುರ್ಗದ ಬಸ್ಸು ಹತ್ತಿದೆವು. ಮನೆಗೆ ಬಂದ ಮೇಲೆ ಅವಳು ನನ್ನ ಕಿಸೆಯಿಂದ ಡಾಕ್ಟರ ಕಾಗದ ತೆಗೆದು, ನಾಲ್ಕು ಮಡಿಕೆ ಮಾಡಿ, ಟ್ರಂಕಿನಲ್ಲಿ ಸೀರೆಗಳ ಕೆಳಗೆ ಇಟ್ಟಳು.

ಇದು ಸರಿಯೋ ಎಂದು ಯಾರಾದರೂ ಕೇಳಿದರೆ ಸರಿಯಲ್ಲ ಎಂದೇ ಹೇಳುತ್ತೇನೆ. ಆ ಹುಡುಗನಿಗೆ ಮೋಸ, ನನ್ನ ಮಗಳಿಗೂ ಮೋಸ. ಆದರೆ ನನ್ನ ಹೆಂಡತಿಯ ತಮ್ಮನ ಬಾಯಿ ಊರ ಅಗಸಿಬಾಗಿಲ ಹಾಗೆ, ಮುಚ್ಚಿದ್ದನ್ನು ಕಂಡವರಿಲ್ಲ. ಅವನಿಗೆ ಹೇಳಿದ್ದು ಸಂಜೆಯೊಳಗೆ ರಾಯಚೂರಿಗೆ ಮುಟ್ಟುತ್ತದೆ. ನಡುಕದ ಮನೆಯ ಹುಡುಗಿ ಎಂಬ ಮಾತು ಒಮ್ಮೆ ಹುಟ್ಟಿದರೆ ಸಾಯುವುದಿಲ್ಲ.

ಮರುದಿನ ಅಂಗಡಿಯಲ್ಲಿ ನಾಲ್ಕು ಜನ ಗಿರಾಕಿಗಳಿದ್ದರು. ಅವನು ಅವರೆದುರಿಗೇ ಕೇಳಿದ.

"ರಾಯಚೂರಿಗೆ ಹೋಗಿದ್ರಂತ ಮಾಮಾ. ಡಾಕ್ಟರು ಏನಂದ್ರು?"

"ಕುಡಿಯೂದು ಬಿಡ್ರಿ ಅಂದ್ರು" ಎಂದೆ.